ಗಡಿ ದಾಟಿ ಹೋಗಿ ಮರಳಿ ಬಂದ ಸಿಗರೇಟು: ಕೆನಡಾದ ಕಳ್ಳಸಾಗಣೆ ಪ್ರಕರಣದ ಅಧ್ಯಯನ

2008ರ ಜುಲೈ 31ರಂದು ಕೆನಡಾದ ಎರಡು ದೊಡ್ಡ ಸಿಗರೇಟು ಕಂಪನಿಗಳಾದ ಇಂಪೀರಿಯಲ್ ಟೊಬ್ಯಾಕೊ ಕೆನಡಾ ಮತ್ತು ರಾತ್‌ಮನ್ಸ್ ಬೆನ್ಸನ್ ಆ್ಯಂಡ್ ಹೆಜಸ್ ಆ ದೇಶದ ಅಬಕಾರಿ ಕಾಯ್ದೆಯ ಅಡಿಯಲ್ಲಿ ತಮ್ಮ ತಪ್ಪನ್ನು ಒಪ್ಪಿಕೊಂಡವು. ಮೊದಲನೆಯದಕ್ಕೆ 20 ಕೋಟಿ, ಎರಡನೆಯದಕ್ಕೆ 10 ಕೋಟಿ ಕೆನಡಾ ಡಾಲರ್ ದಂಡ ಬಿತ್ತು. ಒಪ್ಪಿಕೊಂಡ ಅಪರಾಧದ ಮಾತುಗಳು ನೋಡಲು ತೀರ ಸಪ್ಪೆಯಾಗಿವೆ: ಕಾನೂನಿನ ಪ್ರಕಾರ ಪೊಟ್ಟಣ ಕಟ್ಟದ, ಸುಂಕದ ಮುದ್ರೆ ಇಲ್ಲದ, ಕೆನಡಾದಲ್ಲೇ ತಯಾರಾದ ತಂಬಾಕನ್ನು ಮಾರಲು ಅಥವಾ ಇಟ್ಟುಕೊಳ್ಳಲು ಇತರರಿಗೆ ನೆರವಾದದ್ದು. ಈ ಒಂದು ಸಾಲಿನ ಹಿಂದೆ 1989ರಿಂದ 1994ರವರೆಗಿನ ಐದು ವರ್ಷಗಳ ಕಳ್ಳವ್ಯಾಪಾರವಿದೆ, ಅದಕ್ಕೆ ಮಣಿದು ಒಂದು ಸರ್ಕಾರ ತಾನೇ ಹಾಕಿದ್ದ ತೆರಿಗೆಯನ್ನು ಇಳಿಸಿದ ಪ್ರಸಂಗವಿದೆ, ಆ ಇಳಿಕೆಯಿಂದಾಗಿ ಅಗ್ಗದ ಸಿಗರೇಟು ಕೈಗೆ ಸಿಕ್ಕ ಒಂದು ಪೀಳಿಗೆಯ ಹದಿಹರೆಯದವರಿದ್ದಾರೆ.

ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಸಿಗರೇಟಿನ ಮೇಲಿನ ತೆರಿಗೆ ಏರಿಸುವ ಮಾತು ಬಂದಾಗಲೆಲ್ಲ, ನಮ್ಮಲ್ಲಿಯೂ ಹೊರಗೂ, ತೆರಿಗೆ ಏರಿದರೆ ಕಳ್ಳಸಾಗಣೆ ಏರುತ್ತದೆ ಎಂಬ ಒಂದೇ ವಾದ ಮುಂದೆ ಬರುತ್ತದೆ. ಆ ವಾದಕ್ಕೆ ದಶಕಗಳಿಂದ ನೀಡಲಾಗುತ್ತಿರುವ ಮೊದಲ ಉದಾಹರಣೆಯೇ ಕೆನಡಾ. ಆದರೆ ಅಲ್ಲಿ ನಡೆದದ್ದನ್ನು ವರ್ಷವರ್ಷವಾಗಿ ಬಿಡಿಸಿ ನೋಡಿದವರಿಗೆ ಬೇರೆಯದೇ ಚಿತ್ರ ಕಾಣುತ್ತದೆ. ಬೆಲೆಯ ಅಂತರ ಕಳ್ಳಸಾಗಣೆಗೆ ಆಸೆ ಹುಟ್ಟಿಸಿದ್ದು ನಿಜ. ಆ ಆಸೆಗೆ ಸರಕು ಒದಗಿಸಿದ್ದು ಪರವಾನಗಿ ಪಡೆದ ಕಾರ್ಖಾನೆಗಳು.

ಎಲೆಯ ರುಚಿ

1980ರ ದಶಕದುದ್ದಕ್ಕೂ ಕೆನಡಾದ ಕೇಂದ್ರ ಸರ್ಕಾರ ಮತ್ತು ಪ್ರಾಂತ್ಯಗಳು ಸಿಗರೇಟಿನ ಮೇಲಿನ ತೆರಿಗೆಯನ್ನು ಮೇಲಿಂದ ಮೇಲೆ ಏರಿಸುತ್ತ ಬಂದವು, ಅದರೊಂದಿಗೆ ಧೂಮಪಾನವೂ ಇಳಿಯುತ್ತ ಬಂತು. 1991ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಒಂದೊಂದು ಸಿಗರೇಟಿನ ಮೇಲೆ ಮೂರು ಸೆಂಟಿನಷ್ಟು, ಅಂದರೆ 200 ಸಿಗರೇಟಿನ ಒಂದು ಕಾರ್ಟನ್ನಿಗೆ ಆರು ಡಾಲರಿನಷ್ಟು ತೆರಿಗೆಯನ್ನು ಒಮ್ಮೆಲೇ ಹೆಚ್ಚಿಸಿತು. ಒಂಟಾರಿಯೊ ಮತ್ತು ಕ್ವಿಬೆಕ್ ಪ್ರಾಂತ್ಯಗಳಲ್ಲಿ ಕಾರ್ಟನ್ನಿನ ಬೆಲೆ 40 ಡಾಲರ್ ದಾಟಿತು. ಗಡಿಯಾಚೆಯ ಅಮೆರಿಕದಲ್ಲಿ ಸಿಗರೇಟಿನ ಬೆಲೆ ಸುಮಾರು ಅದರ ಅರ್ಧದಷ್ಟಿತ್ತು.

ಇಲ್ಲಿಯವರೆಗಿನ ಕಥೆ ಎಲ್ಲರಿಗೂ ತಿಳಿದ ಕಥೆಯೇ. ಬೆಲೆ ಕಡಿಮೆ ಇರುವಲ್ಲಿಂದ ಹೆಚ್ಚು ಇರುವಲ್ಲಿಗೆ ಸರಕು ಹರಿಯುತ್ತದೆ ಎಂಬುದನ್ನು ಯಾರಾದರೂ ಒಪ್ಪುತ್ತಾರೆ. ಹಾಗಾದರೆ ಕೆನಡಾಕ್ಕೆ ಕಳ್ಳದಾರಿಯಲ್ಲಿ ಬರಬೇಕಾಗಿದ್ದದ್ದು ಅಮೆರಿಕದ ಅಗ್ಗದ ಸಿಗರೇಟು. ಬಂದದ್ದು ಬಹುಪಾಲು ಅದಾಗಿರಲಿಲ್ಲ. ಬಂದದ್ದು ಕೆನಡಾದ ಕಾರ್ಖಾನೆಗಳಲ್ಲೇ ತಯಾರಾಗಿ, ರಫ್ತಿನ ಹೆಸರಿನಲ್ಲಿ ಸುಂಕವಿಲ್ಲದೆ ಅಮೆರಿಕಕ್ಕೆ ಹೋಗಿ, ಅಲ್ಲಿಂದ ರಾತ್ರಿಯ ಹೊತ್ತು ಹಿಂದಿರುಗಿದ ಕೆನಡಾದ್ದೇ ಸಿಗರೇಟು.

ಇದಕ್ಕೆ ಕಾರಣ ರುಚಿಯಲ್ಲಿದೆ, ಮತ್ತು ಅದು ನಮ್ಮ ಮೈಸೂರು ಸೀಮೆಯವರಿಗೆ ಬೇಗ ಅರ್ಥವಾಗುವ ಸಂಗತಿ. ಅಮೆರಿಕದ ಸಿಗರೇಟು ಹಲವು ಬಗೆಯ ಎಲೆಗಳ ಮಿಶ್ರಣ. ಬರ್ಲಿ, ಓರಿಯೆಂಟಲ್ ಎಲೆಗಳು ಅದರಲ್ಲಿ ಸೇರಿರುತ್ತವೆ. ಕೆನಡಾದವರು ಸೇದುತ್ತಿದ್ದದ್ದು ಬಹುತೇಕ ಶುದ್ಧ ವರ್ಜೀನಿಯಾ ಎಲೆಯ ಸಿಗರೇಟು, ಅಂದರೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಎಲೆ ಒಣಗಿಸುವ ಕೋಣೆಗಳಾದ ಬ್ಯಾರನ್‌ಗಳಲ್ಲಿ ಬಿಸಿಗಾಳಿಯಿಂದ ಹದ ಮಾಡುವ ಅದೇ ಜಾತಿಯ ಎಲೆ. ಕೆನಡಾದಲ್ಲಿ ಅದನ್ನು ಬೆಳೆಯುವುದು ಒಂಟಾರಿಯೊದ ಈರಿ ಸರೋವರದ ಉತ್ತರ ದಂಡೆಯ ಮರಳು ಮಿಶ್ರಿತ ಹಗುರ ಮಣ್ಣಿನಲ್ಲಿ. ಆ ಸೀಮೆಯ ತಂಬಾಕು ಪೇಟೆಗಳಲ್ಲಿ ಒಂದರ ಹೆಸರು ಡೆಲ್ಲಿ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ವರ್ಜೀನಿಯಾ ಸಿಗರೇಟಿಗೆ ಒಗ್ಗಿದ ಕೆನಡಾದ ನಾಲಿಗೆಗೆ ಅಮೆರಿಕದ ಸಿಗರೇಟು ಹಿಡಿಸುತ್ತಿರಲಿಲ್ಲ, ಹಾಗೆಯೇ ಅಮೆರಿಕದವರಿಗೆ ಕೆನಡಾದ ಸಿಗರೇಟು ಬೇಕಿರಲಿಲ್ಲ.

ಈ ಎರಡನೆಯ ಮಾತೇ ಇಡೀ ಪ್ರಕರಣದ ಕೀಲಿಕೈ. ಅಮೆರಿಕದಲ್ಲಿ ಕೆನಡಾ ಸಿಗರೇಟಿಗೆ ಇದ್ದ ಬೇಡಿಕೆಯೆಂದರೆ ಚಳಿಗಾಲ ಕಳೆಯಲು ಫ್ಲಾರಿಡಾಕ್ಕೆ ಹೋಗುವ ಕೆನಡಾದ ನಿವೃತ್ತರದ್ದು, ಪ್ರವಾಸಿಗಳದ್ದು, ಇನ್ನು ಕೆಲವು ಚಿಲ್ಲರೆ ಗಿರಾಕಿಗಳದ್ದು. ಹೀಗಿದ್ದೂ 1990ರ ದಶಕದ ಆರಂಭದ ಕೆಲವೇ ವರ್ಷಗಳಲ್ಲಿ ಅಲ್ಲಿಗೆ ಹೋಗುವ ರಫ್ತು ಹಲವು ಪಟ್ಟು ಏರಿತು. ಗಿರಾಕಿಯೇ ಇಲ್ಲದ ಊರಿಗೆ ಲಾರಿಗಟ್ಟಲೆ ಸರಕು ಕಳುಹಿಸುವ ವ್ಯಾಪಾರಿಗೆ, ಆ ಸರಕು ಕೊನೆಗೆ ಎಲ್ಲಿ ಮಾರಾಟವಾಗುತ್ತಿದೆ ಎಂಬುದು ತಿಳಿದಿರಲಿಲ್ಲ ಎಂದು ನಂಬುವುದು ಕಷ್ಟ. ಸರ್ಕಾರದ ರಫ್ತು ಲೆಕ್ಕದಲ್ಲಿಯೇ ಈ ಏರಿಕೆ ಕಾಣುತ್ತಿತ್ತು. ಗೂಢಚಾರರ ಅಗತ್ಯವೇನೂ ಇರಲಿಲ್ಲ.

ನದಿಯ ದಾರಿ

ಸೇಂಟ್ ಲಾರೆನ್ಸ್ ನದಿಯ ಮೇಲೆ, ಒಂಟಾರಿಯೊದ ಕಾರ್ನ್‌ವಾಲ್ ಪಟ್ಟಣದ ಎದುರಿಗೆ, ಅಕ್ವಸಾಸ್ನೆ ಎಂಬ, ಮೂಲನಿವಾಸಿಗಳಾದ ಮೊಹಾಕ್ ಜನರ ನೆಲವಿದೆ. ಒಂಟಾರಿಯೊ, ಕ್ವಿಬೆಕ್ ಮತ್ತು ಅಮೆರಿಕದ ನ್ಯೂಯಾರ್ಕ್ ರಾಜ್ಯ ಈ ಮೂರರ ಗಡಿಗಳೂ ಅದೇ ನೆಲವನ್ನು ಸೀಳಿಕೊಂಡು ಹೋಗುತ್ತವೆ. ಗಡಿ ಎಳೆಯುವುದಕ್ಕಿಂತ ಬಹಳ ಹಿಂದಿನಿಂದ ಅಲ್ಲಿದ್ದ ಜನ ಅವರು. ತಮ್ಮ ನೆಲದ ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಸರಕು ಒಯ್ಯುವುದನ್ನು ಕಳ್ಳಸಾಗಣೆ ಎಂದು ಕರೆಯಲು ಅವರಲ್ಲಿ ಅನೇಕರು ಒಪ್ಪುವುದಿಲ್ಲ. ನ್ಯೂಯಾರ್ಕ್ ಬದಿಯಲ್ಲಿ ಇಳಿದ ಕಾರ್ಟನ್‌ಗಳು ಬೇಸಿಗೆಯಲ್ಲಿ ವೇಗದ ದೋಣಿಗಳಲ್ಲಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಹಿಮವಾಹನಗಳಲ್ಲಿ ಕೆನಡಾದ ದಂಡೆ ಸೇರಿದವು. ಅಲ್ಲಿಂದ ವ್ಯಾನುಗಳಲ್ಲಿ ಮಾಂಟ್ರಿಯಲ್ ಮತ್ತು ಟೊರಾಂಟೊ ಕಡೆಗೆ ಹೋದವು.

ಆ ದಿನಗಳ ವರದಿಗಳನ್ನು ಓದಿದರೆ ಎದ್ದು ಕಾಣುವುದು ಈ ನದಿಯ ದೃಶ್ಯವೇ: ದೋಣಿ, ಕತ್ತಲೆ, ಗುಂಡಿನ ಸದ್ದು, ಬಂದೂಕು ಹಿಡಿದ ಗುಂಪುಗಳು. ಕಾರ್ನ್‌ವಾಲಿನ ಜನ ಸಂಜೆಯಾದ ಮೇಲೆ ನದಿಯ ಬಳಿ ಹೋಗಲು ಹೆದರಿದ ದಿನಗಳಿದ್ದವು, ಮತ್ತು ಅಕ್ವಸಾಸ್ನೆಯ ಒಳಗೂ ಈ ವ್ಯಾಪಾರವನ್ನು ವಿರೋಧಿಸಿದ ಮೊಹಾಕ್ ಕುಟುಂಬಗಳು ಅದೇ ಭಯದಲ್ಲಿ ಬದುಕಿದವು. ಹೀಗೆ ಇಡೀ ದೇಶದ ಕಣ್ಣು ನದಿ ದಾಟಿಸುವವನ ಮೇಲೆ ನೆಟ್ಟಿತು. ಆ ದೋಣಿಯಲ್ಲಿದ್ದ ಪೆಟ್ಟಿಗೆ ಕೆಲವು ದಿನಗಳ ಹಿಂದೆ ಯಾವ ಕಾರ್ಖಾನೆಯ ಬಾಗಿಲಿನಿಂದ, ಯಾರ ಸಹಿಯ ರಫ್ತು ಕಾಗದದೊಂದಿಗೆ ಹೊರಟಿತ್ತು ಎಂದು ಕೇಳಿದವರು ಕಡಿಮೆ. ಕೇಳಿದವರಲ್ಲಿ ಧೂಮಪಾನ ವಿರೋಧಿ ಸಂಘಟನೆಗಳವರಿದ್ದರು. ಅವರು ರಫ್ತಿನ ಅಂಕಿಗಳನ್ನು ಹಿಡಿದುಕೊಂಡು ಸರ್ಕಾರದ ಬಾಗಿಲು ತಟ್ಟುತ್ತಲೇ ಇದ್ದರು.

1992ರ ಎಂಟು ವಾರ

ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತಿ ಮುಖ್ಯ ಭಾಗ ಎರಡು ತಿಂಗಳಿನಷ್ಟೂ ಬಾಳದ ಒಂದು ತೆರಿಗೆ. 1992ರ ಫೆಬ್ರುವರಿಯಲ್ಲಿ ಪ್ರಧಾನಿ ಬ್ರಿಯಾನ್ ಮಲ್ರೋನಿ ಅವರ ಸರ್ಕಾರ ರಫ್ತಾಗುವ ಸಿಗರೇಟಿನ ಮೇಲೆ ಕಾರ್ಟನ್ನಿಗೆ ಎಂಟು ಡಾಲರ್ ತೆರಿಗೆ ಹಾಕಿತು. ಇದರ ತರ್ಕ ಬಹಳ ಸರಳವಾಗಿತ್ತು. ಸುಂಕವಿಲ್ಲದೆ ಹೊರಗೆ ಹೋಗುವ ಸರಕಿಗೆ ಕಾರ್ಖಾನೆಯ ಬಾಗಿಲಲ್ಲೇ ಒಂದಿಷ್ಟು ಸುಂಕ ಬಿದ್ದರೆ, ಹಿಂದಿರುಗಿ ಬರುವುದರಲ್ಲಿ ಲಾಭ ಕಡಿಮೆಯಾಗುತ್ತದೆ. ಲಾಭ ಕಡಿಮೆಯಾದರೆ ದೋಣಿಗಳೂ ಕಡಿಮೆಯಾಗುತ್ತವೆ. ನದಿಯ ಉದ್ದಕ್ಕೂ ಪೊಲೀಸರನ್ನು ನಿಲ್ಲಿಸುವುದಕ್ಕಿಂತ ದೇಶದ ಮೂರು ದೊಡ್ಡ ಕಂಪನಿಗಳ (ಮೊದಲು ಹೇಳಿದ ಎರಡು, ಮತ್ತು ಆರ್‌ಜೆಆರ್-ಮ್ಯಾಕ್‌ಡೊನಾಲ್ಡ್) ಉಗ್ರಾಣದ ಬಾಗಿಲಲ್ಲಿ ಲೆಕ್ಕ ಕೇಳುವುದು ಸುಲಭ.

ತೆರಿಗೆ ಬಂದೊಡನೆ ರಫ್ತು ಥಟ್ಟನೆ ಕುಸಿಯಿತು. ಅದೇ ಹೊತ್ತಿನಲ್ಲಿ ಕಂಪನಿಗಳು ಒತ್ತಡ ಹೇರಲು ತೊಡಗಿದವು: ರಫ್ತಿನ ಉತ್ಪಾದನೆಯನ್ನು ದೇಶದಿಂದ ಹೊರಗೆ ಸಾಗಿಸಬೇಕಾಗುತ್ತದೆ, ಕಾರ್ಮಿಕರು ಕೆಲಸ ಕಳೆದುಕೊಳ್ಳುತ್ತಾರೆ, ಎಲೆ ಬೆಳೆಯುವ ರೈತರು ಮುಳುಗುತ್ತಾರೆ ಎಂಬುದು ಅವರ ವಾದವಾಗಿತ್ತು. ಏಪ್ರಿಲಿನಲ್ಲಿ ಸರ್ಕಾರ ಆ ತೆರಿಗೆಯನ್ನು ಹಿಂದಕ್ಕೆ ಪಡೆಯಿತು. ಅದಕ್ಕೆ ಬದಲಾಗಿ ಕಳ್ಳಸಾಗಣೆ ತಡೆಯುವುದರಲ್ಲಿ ಸಹಕರಿಸುವಂತೆ ಕಂಪನಿಗಳನ್ನು ನೆಚ್ಚಿಕೊಂಡಿತು. ರಫ್ತು ಮತ್ತೆ ಏರಿತು, ಮೊದಲಿಗಿಂತಲೂ ಎತ್ತರಕ್ಕೆ.

ಒಂದು ಕ್ರಮ ಕೆಲಸ ಮಾಡುತ್ತದೆಯೇ ಇಲ್ಲವೇ ಎಂಬುದನ್ನು ತಿಳಿಯಲು ಆಡಳಿತಕ್ಕೆ ಇಷ್ಟು ಸ್ಪಷ್ಟವಾದ ಪರೀಕ್ಷೆ ಅಪರೂಪಕ್ಕೆ ಸಿಗುತ್ತದೆ. ಹಾಕಿದಾಗ ಹರಿವು ನಿಂತಿತು, ತೆಗೆದಾಗ ಮತ್ತೆ ಹರಿಯಿತು. ದೇಶದ ಒಳಗಿನ ಬೆಲೆಯಾಗಲಿ, ಗಡಿಯಾಚೆಯ ಬೆಲೆಯಾಗಲಿ, ನದಿಯ ಅಗಲವಾಗಲಿ ಆ ಎಂಟು ವಾರಗಳಲ್ಲಿ ಬದಲಾಗಿರಲಿಲ್ಲ. ಬದಲಾದದ್ದು ಕಾರ್ಖಾನೆಯ ಬಾಗಿಲಲ್ಲಿ ಸರಕಿಗೆ ತೆರಬೇಕಾದ ಬೆಲೆ ಮಾತ್ರ. ಇಷ್ಟು ಕಣ್ಣಿಗೆ ಕಟ್ಟಿದ ಫಲಿತಾಂಶವನ್ನು ಕೈಯಲ್ಲಿ ಹಿಡಿದುಕೊಂಡೂ ಅದನ್ನು ಬಿಟ್ಟುಕೊಟ್ಟದ್ದು ಆ ಸರ್ಕಾರ ಮಾಡಿದ ದೊಡ್ಡ ತಪ್ಪು ಎಂದೇ ನಾನು ಭಾವಿಸುತ್ತೇನೆ.

ಕಂಪನಿಗಳ ಒಳಗೆ ಆಗ ಏನು ಯೋಚನೆ ನಡೆದಿತ್ತು ಎಂಬುದು ಹಲವು ವರ್ಷಗಳ ನಂತರ, ತಂಬಾಕು ಕಂಪನಿಗಳ ವಿರುದ್ಧದ ಮೊಕದ್ದಮೆಗಳ ಫಲವಾಗಿ ಹೊರಬಂದ ಕಾಗದಪತ್ರಗಳಿಂದ ತಿಳಿಯಿತು. 1993ರ ಜೂನಿನಲ್ಲಿ ಇಂಪೀರಿಯಲ್ ಕಂಪನಿಯ ಮುಖ್ಯಸ್ಥರು ಅದರಲ್ಲಿ ಪಾಲು ಹೊಂದಿದ್ದ ಬ್ರಿಟನ್ನಿನ ತಂಬಾಕು ಸಮೂಹ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊದ ಹಿರಿಯ ಅಧಿಕಾರಿಗೆ ಬರೆದ ಪತ್ರವೊಂದು ಅವುಗಳಲ್ಲಿದೆ. ಅದರ ಸಾರ ಹೀಗೆ: ಕಳ್ಳಸಾಗಣೆ ತಗ್ಗಿಸಲು ಅಮೆರಿಕದ ರಫ್ತಿಗೆ ಮಿತಿ ಹಾಕಿಕೊಂಡು ಸರ್ಕಾರಕ್ಕೆ ಸಹಕರಿಸಲು ತಾವು ಒಪ್ಪಿದ್ದೆವು, ಆದರೆ ಪ್ರತಿಸ್ಪರ್ಧಿಗಳು ಹಾಗೆ ಮಾಡಲಿಲ್ಲ, ಆದ್ದರಿಂದ ಕೆನಡಾದ ಸೇದುಗರಲ್ಲಿ ತಮ್ಮ ಪಾಲನ್ನು ಮರಳಿ ಪಡೆಯಲು ಆ ಮಿತಿಯನ್ನು ತೆಗೆದುಹಾಕಿದ್ದೇವೆ, ಈ ಸಮಸ್ಯೆ ಬಗೆಹರಿಯುವವರೆಗೆ ತಮ್ಮ ದೇಶೀಯ ಮಾರಾಟದ ಹೆಚ್ಚು ಹೆಚ್ಚು ಭಾಗ ರಫ್ತಾಗಿ, ಬಳಿಕ ಕಳ್ಳದಾರಿಯಲ್ಲಿ ಹಿಂದಿರುಗಿ ಇಲ್ಲೇ ಮಾರಾಟವಾಗಲಿದೆ.

ಈ ಪತ್ರವನ್ನು ಮೊದಲ ಸಲ ಓದಿದಾಗ ಮನಸ್ಸನ್ನು ತಟ್ಟುವುದು ಅದರ ಶಾಂತವಾದ ಧಾಟಿ. ಕಳ್ಳಮಾರುಕಟ್ಟೆ ಇಲ್ಲಿ ಹೊರಗಿನಿಂದ ಬಂದೆರಗಿದ ವಿಪತ್ತಾಗಿ ಕಾಣುವುದಿಲ್ಲ. ಪಾಲು ಕಾಪಾಡಿಕೊಳ್ಳಬೇಕಾದ ಇನ್ನೊಂದು ಮಾರುಕಟ್ಟೆಯಾಗಿ ಕಾಣುತ್ತದೆ. ಒಬ್ಬ ತಯಾರಕ ಹಿಂದೆ ಸರಿದರೆ ಅವನ ಸೇದುಗ ಮತ್ತೊಬ್ಬ ತಯಾರಕನ ಸುಂಕವಿಲ್ಲದ ಸಿಗರೇಟಿಗೆ ಹೋಗುತ್ತಾನೆ, ಹೋದವನು ಮರಳಿ ಬರುವುದು ಅಪರೂಪ. ಕಂಪನಿಗಳ ಸ್ವಯಂಪ್ರೇರಿತ ಸಹಕಾರವನ್ನು ನೆಚ್ಚಿಕೊಂಡ ನೀತಿ ಏಕೆ ನಿಲ್ಲಲಾರದು ಎಂಬುದನ್ನು ಆ ಉದ್ಯಮದ ಮುಖ್ಯಸ್ಥರೇ ತಮ್ಮ ಕೈಯಾರೆ ಬರೆದಿಟ್ಟಿದ್ದಾರೆ.

ತೆರಿಗೆ ಇಳಿದ ದಿನ

1993ರ ಹೊತ್ತಿಗೆ ದೇಶದಲ್ಲಿ ಸೇದುವ ಸಿಗರೇಟಿನ ಸುಮಾರು ಮೂರನೇ ಒಂದು ಭಾಗ ಕಳ್ಳಮಾಲು ಎಂಬ ಅಂದಾಜುಗಳಿದ್ದವು. ಕ್ವಿಬೆಕ್ಕಿನಲ್ಲಿ ಪ್ರಮಾಣ ಇನ್ನೂ ಹೆಚ್ಚಿತ್ತು. ನಿಯತ್ತಿನಿಂದ ತೆರಿಗೆ ಕಟ್ಟುತ್ತಿದ್ದ ಸಣ್ಣ ಅಂಗಡಿಯವರ ಗಿರಾಕಿಗಳು ಕಾರಿನ ಡಿಕ್ಕಿಯಿಂದ ಮಾರುವವನ ಕಡೆಗೆ ಹೋಗಿಬಿಟ್ಟಿದ್ದರು. 1994ರ ಜನವರಿಯಲ್ಲಿ ಮಾಂಟ್ರಿಯಲ್ ಬಳಿಯ ಸೇಂಟ್ ಯೂಸ್ಟಾಶ್ ಎಂಬ ಊರಿನಲ್ಲಿ ಅಂಗಡಿಕಾರರು ಕಳ್ಳಮಾಲಿನ ಸಿಗರೇಟನ್ನು ಪೊಲೀಸರ ಕಣ್ಣೆದುರಿಗೇ ಬಹಿರಂಗವಾಗಿ ಮಾರಿ ಪ್ರತಿಭಟಿಸಿದರು. ಅವರ ಸಿಟ್ಟು ಅರ್ಥವಾಗುವಂಥದ್ದು. ಕಾನೂನು ಪಾಲಿಸಿದವನೇ ನಷ್ಟಕ್ಕೊಳಗಾಗುವ ಸ್ಥಿತಿಯನ್ನು ಯಾವ ಬೀದಿಯ ಅಂಗಡಿಯವನೂ ಬಹಳ ಕಾಲ ಸಹಿಸಲಾರ. ಆದರೆ ಅವರ ಬೇಡಿಕೆ ತೆರಿಗೆ ರದ್ದತಿಯ ಕಡೆಗೆ ತಿರುಗಿತು, ಮತ್ತು ಅದು ಕಂಪನಿಗಳ ಬೇಡಿಕೆಯೊಂದಿಗೆ ಒಂದಾಗಿ ಕೇಳಿಸಿತು.

1994ರ ಫೆಬ್ರುವರಿ 8ರಂದು, ಅಧಿಕಾರಕ್ಕೆ ಬಂದು ಕೆಲವೇ ತಿಂಗಳಾಗಿದ್ದ ಪ್ರಧಾನಿ ಜಾನ್ ಕ್ರೆಟಿಯನ್ ಸಂಸತ್ತಿನಲ್ಲಿ ಕಳ್ಳಸಾಗಣೆ ತಡೆಯ ರಾಷ್ಟ್ರೀಯ ಯೋಜನೆಯನ್ನು ಪ್ರಕಟಿಸಿದರು. ಕೇಂದ್ರದ ತೆರಿಗೆ ದೇಶದಾದ್ಯಂತ ಕಾರ್ಟನ್ನಿಗೆ ಐದು ಡಾಲರ್ ಇಳಿಯಿತು. ಯಾವ ಪ್ರಾಂತ್ಯ ತನ್ನ ತೆರಿಗೆಯನ್ನು ಹೆಚ್ಚು ಇಳಿಸುತ್ತದೋ ಅಲ್ಲಿ ಕೇಂದ್ರವೂ ಹತ್ತು ಡಾಲರಿನವರೆಗೆ ಇಳಿಸುವುದಾಗಿ ಹೇಳಿತು. ಕ್ವಿಬೆಕ್ ಅಂದೇ 11 ಡಾಲರ್ ಇಳಿಸಿತು, ಹಾಗಾಗಿ ಅಲ್ಲಿ ಒಟ್ಟು 21 ಡಾಲರ್ ಕಡಿತವಾಗಿ ಕಾರ್ಟನ್ನಿನ ಬೆಲೆ ಸುಮಾರು ಅರ್ಧಕ್ಕೆ ಬಂತು. ಒಂಟಾರಿಯೊ ಮತ್ತು ಪೂರ್ವದ ಇನ್ನು ಮೂರು ಪ್ರಾಂತ್ಯಗಳು ಹಿಂದೆಯೇ ಅದೇ ದಾರಿ ಹಿಡಿದವು. ಇದೇ ಯೋಜನೆಯಲ್ಲಿ ರಫ್ತಿನ ಮೇಲಿನ ಎಂಟು ಡಾಲರ್ ತೆರಿಗೆಯೂ, ಉತ್ಪಾದನೆಯ ಒಂದು ಸಣ್ಣ ಪಾಲಿಗೆ ವಿನಾಯಿತಿಯೊಂದಿಗೆ, ಮರಳಿ ಬಂತು. ತಂಬಾಕು ತಯಾರಕರ ಲಾಭದ ಮೇಲೆ ಹೆಚ್ಚುವರಿ ತೆರಿಗೆ ಬಿತ್ತು, ಪೊಲೀಸರಿಗೂ ಸುಂಕದ ಇಲಾಖೆಗೂ ಬಲ ಹೆಚ್ಚಿತು.

ಪೂರ್ವದ ಪ್ರಾಂತ್ಯಗಳಲ್ಲಿ ಕಳ್ಳಸಾಗಣೆ ಬೇಗನೆ ಕುಗ್ಗಿತು. ತೆರಿಗೆ ಇಳಿಸಿದ್ದಕ್ಕೇ ಕುಗ್ಗಿತು ಎಂದು ಕಂಪನಿಗಳು ಅಂದಿನಿಂದಲೂ ಹೇಳುತ್ತಿವೆ. ಈ ಮಾತನ್ನು ಪೂರ್ತಿ ಸುಳ್ಳೆನ್ನಲಾಗದು. ಲಾಭದ ಅಂತರ ಇಲ್ಲವಾದಾಗ ಕಳ್ಳವ್ಯಾಪಾರ ನಿಲ್ಲುವುದು ಸಹಜ. ಆದರೆ ಅದೇ ಯೋಜನೆಯಲ್ಲಿ ರಫ್ತಿನ ತೆರಿಗೆಯೂ ಮರಳಿ ಬಂದದ್ದನ್ನು, 1992ರಲ್ಲಿ ಅದೊಂದೇ ರಫ್ತನ್ನು ಕುಸಿಯುವಂತೆ ಮಾಡಿದ್ದನ್ನು ಈ ಹೇಳಿಕೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದೇಶದ ಪಶ್ಚಿಮ ಭಾಗವನ್ನೂ ಅದು ಮರೆಯುತ್ತದೆ. ಬ್ರಿಟಿಷ್ ಕೊಲಂಬಿಯಾ, ಅಲ್ಬರ್ಟಾ, ಸಸ್ಕಾಚೆವಾನ್, ಮ್ಯಾನಿಟೋಬಾ ಪ್ರಾಂತ್ಯಗಳು ತಮ್ಮ ತೆರಿಗೆ ಇಳಿಸಲು ಒಪ್ಪಲಿಲ್ಲ. ಅಮೆರಿಕದೊಂದಿಗೆ ಅವಕ್ಕೂ ಸಾವಿರಾರು ಕಿಲೋಮೀಟರ್ ಗಡಿಯಿದೆ, ಅಲ್ಲಿಯೂ ಸಿಗರೇಟು ದುಬಾರಿಯಾಗಿತ್ತು. ಆದರೂ ಪೂರ್ವದಂಥ ಕಳ್ಳಮಾರುಕಟ್ಟೆ ಅಲ್ಲಿ ಬೆಳೆದಿರಲಿಲ್ಲ. ಪೂರ್ವದಲ್ಲಿ ಬೆಲೆ ಇಳಿದ ಮೇಲೆ ಅಲ್ಲಿನ ಅಗ್ಗದ ಸಿಗರೇಟೇ ಪಶ್ಚಿಮಕ್ಕೆ ಕಳ್ಳದಾರಿಯಲ್ಲಿ ಹೋಗತೊಡಗಿತು. ತೆರಿಗೆಯ ಎತ್ತರವೊಂದೇ ಕಾರಣವಾಗಿದ್ದಲ್ಲಿ ಪಶ್ಚಿಮದ ಪ್ರಾಂತ್ಯಗಳು ಮೊದಲೇ ಮುಳುಗಬೇಕಿತ್ತು. ಪೂರ್ವದಲ್ಲಿ ಇದ್ದದ್ದು, ಪಶ್ಚಿಮದಲ್ಲಿ ಇಲ್ಲದ್ದು, ಸರಕನ್ನು ಗಡಿಯ ಆಚೆಗೆ ತಂದು ಸುರಿದು ಹಿಂದಕ್ಕೆ ತರುವ ಸಿದ್ಧ ಜಾಲ.

ಬೆಲೆ ತೆತ್ತವರು ಎಳೆಯರು. 1997ರಲ್ಲಿ ಕೆನಡಾದ ವೈದ್ಯಕೀಯ ಸಂಘದ ನಿಯತಕಾಲಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ತೆರಿಗೆ ಇಳಿಸಿದ ಪ್ರಾಂತ್ಯಗಳನ್ನೂ ಇಳಿಸದ ಪ್ರಾಂತ್ಯಗಳನ್ನೂ ಹೋಲಿಸಿ ನೋಡಿತು. ಎರಡೂ ಕಡೆ ಧೂಮಪಾನ ಇಳಿಯುತ್ತಲೇ ಇತ್ತು. ಆದರೆ ತೆರಿಗೆ ಇಳಿಸಿದಲ್ಲಿ ಆ ಇಳಿಕೆ ನಿಧಾನವಾಗಿತ್ತು, ಹೊಸದಾಗಿ ಸೇದಲು ತೊಡಗಿದವರ ಪ್ರಮಾಣ ಹೆಚ್ಚಿತ್ತು, ಬಿಟ್ಟವರ ಪ್ರಮಾಣ ಕಡಿಮೆಯಿತ್ತು. ಸಿಗರೇಟು ಹಿಡಿದ ಕೈ ಅದನ್ನು ಬಿಡುವುದು ಎಷ್ಟು ಕಷ್ಟವೆಂದು ಮನೆಯಲ್ಲಿ ಕಂಡವರಿಗೆ ಈ ಪ್ರಮಾಣಗಳ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ನ್ಯಾಯಾಲಯಗಳಲ್ಲಿ

ನ್ಯಾಯದ ದಾರಿ ಅಮೆರಿಕದಲ್ಲಿ ಶುರುವಾಯಿತು. ಕೆನಡಾದ ಆರ್‌ಜೆಆರ್-ಮ್ಯಾಕ್‌ಡೊನಾಲ್ಡ್ ಕಂಪನಿಯ ಒಡೆತನ ಹೊಂದಿದ್ದ ಅಮೆರಿಕದ ಆರ್‌ಜೆಆರ್ ಸಮೂಹ ನಾರ್ದರ್ನ್ ಬ್ರಾಂಡ್ಸ್ ಇಂಟರ್‌ನ್ಯಾಷನಲ್ ಎಂಬ ಸಣ್ಣ ಅಂಗಸಂಸ್ಥೆಯೊಂದನ್ನು ಹುಟ್ಟುಹಾಕಿತ್ತು. ಅದು ನಿಭಾಯಿಸುತ್ತಿದ್ದ ಎಕ್ಸ್‌ಪೋರ್ಟ್ ಎ ಬ್ರಾಂಡಿನ ಸಿಗರೇಟು ಕಾಗದದ ಮೇಲೆ ರಷ್ಯಾಕ್ಕೂ ಎಸ್ಟೋನಿಯಾಕ್ಕೂ ಹೋಗುತ್ತಿತ್ತು. ಹಾಗೆ ಬರೆದದ್ದರಿಂದ ಅಮೆರಿಕದ ಸುಂಕವನ್ನೂ ಕಟ್ಟಬೇಕಿರಲಿಲ್ಲ. ನಿಜದಲ್ಲಿ ಅದು ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗಕ್ಕೆ ಬಂದು ನದಿ ದಾಟುತ್ತಿತ್ತು. 1998ರ ಡಿಸೆಂಬರಿನಲ್ಲಿ ಆ ಅಂಗಸಂಸ್ಥೆ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 1.5 ಕೋಟಿ ಡಾಲರ್ ತೆತ್ತಿತು. ಒಂದು ದೊಡ್ಡ ತಂಬಾಕು ಸಮೂಹದ ಅಂಗವೊಂದು ಕಳ್ಳಸಾಗಣೆಗೆ ಸಂಬಂಧಿಸಿದ ಅಪರಾಧವನ್ನು ಒಪ್ಪಿಕೊಂಡದ್ದರಿಂದ, ಅಲ್ಲಿಯವರೆಗೆ ಆರೋಪವೆನಿಸಿದ್ದದ್ದಕ್ಕೆ ದಾಖಲೆಯ ಬಲ ಬಂತು.

ಮರುವರ್ಷದ ಡಿಸೆಂಬರಿನಲ್ಲಿ ಕೆನಡಾ ಸರ್ಕಾರವೇ ಅಮೆರಿಕದ ನ್ಯಾಯಾಲಯಕ್ಕೆ ಹೋಗಿ, ಸಂಘಟಿತ ಅಪರಾಧ ತಡೆಯುವ ಅಲ್ಲಿನ ಕಾಯ್ದೆಯ ಅಡಿಯಲ್ಲಿ, ಆರ್‌ಜೆಆರ್ ಸಮೂಹದ ಕಂಪನಿಗಳಿಂದ 100 ಕೋಟಿ ಡಾಲರ್ ಪರಿಹಾರ ಕೇಳಿತು. ಒಂದು ದೇಶದ ನ್ಯಾಯಾಲಯ ಇನ್ನೊಂದು ದೇಶದ ತೆರಿಗೆ ವಸೂಲಿಗೆ ನೆರವಾಗುವುದಿಲ್ಲ ಎಂಬ ಹಳೆಯ ನಿಯಮವನ್ನು ಮುಂದಿಟ್ಟು ಆ ದಾವೆಯನ್ನು 2000ದಲ್ಲಿ ವಜಾ ಮಾಡಲಾಯಿತು. 2001ರಲ್ಲಿ ಮೇಲ್ಮನವಿಯೂ ಬಿತ್ತು, 2002ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಸಾಕ್ಷ್ಯದ ಬಲಾಬಲ ಅಲ್ಲಿ ಪರೀಕ್ಷೆಗೆ ಬರಲೇ ಇಲ್ಲ. ಗಡಿ ದಾಟುವ ಅಪರಾಧಕ್ಕೆ ಗಡಿ ದಾಟದ ಕಾನೂನು ಎದುರಾದಾಗ ಏನಾಗುತ್ತದೆ ಎಂಬುದಕ್ಕೆ ಇದೊಂದು ನೋವಿನ ನಿದರ್ಶನ.

ಆ ಬಳಿಕ ಕೆಲಸ ಕೆನಡಾದೊಳಗೇ ನಡೆಯಿತು. ಕೇಂದ್ರದ ಪೊಲೀಸ್ ಪಡೆಯಾದ ರಾಯಲ್ ಕೆನಡಿಯನ್ ಮೌಂಟೆಡ್ ಪೊಲೀಸರು ವರ್ಷಗಟ್ಟಲೆ ಕಾಗದಪತ್ರ ಕಲೆಹಾಕಿದರು. ಜಪಾನ್ ಟೊಬ್ಯಾಕೊದ ಕೈಗೆ ಹೋಗಿ ಜೆಟಿಐ-ಮ್ಯಾಕ್‌ಡೊನಾಲ್ಡ್ ಎಂದು ಹೆಸರು ಬದಲಿಸಿಕೊಂಡಿದ್ದ ಕಂಪನಿಯ ಮೇಲೆ 2003ರಲ್ಲಿ ಆರೋಪ ಹೊರಿಸಲಾಯಿತು. 2004ರಲ್ಲಿ ಕ್ವಿಬೆಕ್ಕಿನ ಕಂದಾಯ ಇಲಾಖೆ ಅದೇ ಕಂಪನಿಯಿಂದ 136 ಕೋಟಿ ಡಾಲರ್ ಬಾಕಿ ತೆರಿಗೆ ಮತ್ತು ದಂಡ ಕೇಳಿದಾಗ, ಅದು ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೊರೆಹೋಯಿತು. ಅದೇ ವರ್ಷ ಮಾಂಟ್ರಿಯಲ್‌ನ ಇಂಪೀರಿಯಲ್ ಮುಖ್ಯ ಕಚೇರಿಯಲ್ಲಿ ಪೊಲೀಸರು ಶೋಧ ನಡೆಸಿದರು.

ಆ ದಾರಿ 2008ರ ತಪ್ಪೊಪ್ಪಿಗೆಯಲ್ಲಿ ಮುಗಿಯಿತು. ದಂಡವೂ ಕೇಂದ್ರ ಮತ್ತು ಪ್ರಾಂತ್ಯಗಳಿಗೆ ಕೊಡಬೇಕಾದ ಪರಿಹಾರವೂ ಸೇರಿ ಎರಡು ಕಂಪನಿಗಳಿಂದ ಬರಬೇಕಾದ ಮೊತ್ತ 115 ಕೋಟಿ ಡಾಲರ್. 2010ರ ಏಪ್ರಿಲ್ 13ರಂದು ಜೆಟಿಐ-ಮ್ಯಾಕ್‌ಡೊನಾಲ್ಡ್ 15 ಕೋಟಿ ಮತ್ತು ನಾರ್ದರ್ನ್ ಬ್ರಾಂಡ್ಸ್ 7.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿದವು. ಆರ್‌ಜೆ ರೆನಾಲ್ಡ್ಸ್, ಅಂದರೆ ಮೊದಲು ಹೇಳಿದ ಅಮೆರಿಕದ ಆರ್‌ಜೆಆರ್ ಸಮೂಹದ ಕಂಪನಿ, 32.5 ಕೋಟಿ ಡಾಲರ್ ಪರಿಹಾರ ಕೊಟ್ಟಿತು.

ಮೊತ್ತಗಳು ದೊಡ್ಡವೆಂದು ಕಾಣುತ್ತವೆ. 2008ರ ಒಪ್ಪಂದದ ಷರತ್ತುಗಳನ್ನು ಓದಿದರೆ ಸಮಾಧಾನ ಉಳಿಯುವುದಿಲ್ಲ. ಪರಿಹಾರದ ದೊಡ್ಡ ಭಾಗವನ್ನು ಒಂದು ಕಂಪನಿ 15 ವರ್ಷ, ಇನ್ನೊಂದು 10 ವರ್ಷ, ಪ್ರತಿವರ್ಷದ ಮಾರಾಟದ ಒಂದು ಪಾಲಾಗಿ ಕಟ್ಟಬೇಕಿತ್ತು. ಹಾಗೆಂದರೆ ಸಿಗರೇಟು ಮಾರಿದ ಅಪರಾಧಕ್ಕೆ ಪರಿಹಾರ ಮುಂದೆ ಮಾರುವ ಸಿಗರೇಟಿನಿಂದಲೇ ಬರಬೇಕು, ಕೊನೆಗೆ ಅದನ್ನು ತೆರುವವನು ಸೇದುಗನೇ. ಆ ಎರಡು ಕಂಪನಿಗಳ ಯಾವ ಅಧಿಕಾರಿಯ ಮೇಲೂ ವೈಯಕ್ತಿಕವಾಗಿ ಮೊಕದ್ದಮೆ ಹೂಡಲಿಲ್ಲ. ವಿಚಾರಣೆಯೇ ನಡೆಯದ ಕಾರಣ ಸಾಕ್ಷಿಗಳ ಪಾಟೀಸವಾಲು ಇಲ್ಲ, ತೀರ್ಪಿನಲ್ಲಿ ದಾಖಲಾಗುವ ವಿವರವಾದ ಸತ್ಯಾಂಶಗಳೂ ಇಲ್ಲ. ಆರೋಗ್ಯ ಸಂಘಟನೆಗಳು ಎತ್ತಿದ ಈ ಆಕ್ಷೇಪ ನನಗೆ ಸರಿಯೆನಿಸುತ್ತದೆ. ನದಿಯಲ್ಲಿ ದೋಣಿ ನಡೆಸಿ ಸಿಕ್ಕಿಬಿದ್ದವನು ಜೈಲು ಕಂಡಿದ್ದ.

ನಂತರದ ವರ್ಷಗಳು

2000ದ ದಶಕದಲ್ಲಿ ತೆರಿಗೆಗಳು ಮತ್ತೆ ಮೆಲ್ಲಗೆ ಏರಿದವು, ಕಳ್ಳಮಾರುಕಟ್ಟೆಯೂ ಬೇರೆ ರೂಪದಲ್ಲಿ ಮರಳಿತು. ಈ ಸಲ ದೊಡ್ಡ ಕಂಪನಿಗಳ ಬ್ರಾಂಡುಗಳು ಅದರಲ್ಲಿರಲಿಲ್ಲ. ಮೂಲನಿವಾಸಿಗಳ ನೆಲದಲ್ಲಿದ್ದ ಸಣ್ಣ ಕಾರ್ಖಾನೆಗಳು ತಯಾರಿಸಿದ ಸಿಗರೇಟು ಪಾರದರ್ಶಕ ಪ್ಲಾಸ್ಟಿಕ್ ಚೀಲಗಳಲ್ಲಿ, ಒಂದೊಂದರಲ್ಲಿ 200ರಂತೆ, ಬೆಲೆಯ ಒಂದು ಸಣ್ಣ ಪಾಲಿಗೆ ಮಾರಾಟವಾಯಿತು. ಸರ್ಕಾರಗಳ ಗಮನ ಈಗ ನಿಧಾನವಾಗಿ ಸರಬರಾಜಿನ ಕಡೆಗೆ ಹೊರಳಿತು. 2011ರಲ್ಲಿ ನಕಲು ಮಾಡಲು ಕಷ್ಟವಾದ ಹೊಸ ಸುಂಕದ ಮುದ್ರೆ ಬಂತು. 2015ರ ಜನವರಿಯಿಂದ ಒಂಟಾರಿಯೊದ ಹಣಕಾಸು ಇಲಾಖೆ ಕಚ್ಚಾ ಎಲೆಯ ಬೆಳೆಗಾರ, ವ್ಯಾಪಾರಿ, ಸಂಸ್ಕರಿಸುವವ ಎಲ್ಲರೂ ನೋಂದಾಯಿಸಿಕೊಳ್ಳುವಂತೆ ಮಾಡಿತು. ಎಲೆಯಿಂದಲೇ ಲೆಕ್ಕ ಶುರುವಾಗಬೇಕು ಎಂಬ ಈ ತಿಳಿವಳಿಕೆ ಹುಣಸೂರಿನ ರೈತರಿಗೆ ಹೊಸದಲ್ಲ: 1975ರ ತಂಬಾಕು ಮಂಡಳಿ ಕಾಯ್ದೆಯ ಅಡಿಯಲ್ಲಿ ಇಲ್ಲಿ ಬೆಳೆಗಾರ ನೋಂದಾಯಿಸಿಕೊಳ್ಳಬೇಕು, ಬ್ಯಾರನ್‌ಗೆ ಪರವಾನಗಿ ಇರಬೇಕು, ಬೇಲ್ ಕಟ್ಟಿದ ಎಲೆ ಮಂಡಳಿಯ ಹರಾಜು ಮಾರುಕಟ್ಟೆಗೇ ಬರಬೇಕು. ಅನಧಿಕೃತವಾಗಿ ಬೆಳೆಯುವ ಎಲೆಯ ಸಮಸ್ಯೆ ಇಲ್ಲಿಯೂ ಇದೆ ಎಂಬುದನ್ನು ಮರೆಯುವಂತಿಲ್ಲ.

ಮೂಲನಿವಾಸಿಗಳ ಹಕ್ಕಿನ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. 2016ರಲ್ಲಿ ಕ್ವಿಬೆಕ್ ಪೊಲೀಸರು ನಡೆಸಿದ ಮಿಗಾಲ್ ಎಂಬ ದೊಡ್ಡ ಕಾರ್ಯಾಚರಣೆಯಿಂದ ಹುಟ್ಟಿದ ಪ್ರಕರಣದಲ್ಲಿ, ಅಮೆರಿಕದಿಂದ ಎಲೆ ತಂದ ಇಬ್ಬರು ಮೊಹಾಕರ ಮೇಲಿನ ಮೊಕದ್ದಮೆಯನ್ನು ಕ್ವಿಬೆಕ್ಕಿನ ಮೇಲಿನ ನ್ಯಾಯಾಲಯ 2023ರ ನವೆಂಬರಿನಲ್ಲಿ ನಿಲ್ಲಿಸಿತು. ಅವರ ಪೂರ್ವಜರು ಬ್ರಿಟಿಷರೊಂದಿಗೆ ಮಾಡಿಕೊಂಡಿದ್ದ ಒಪ್ಪಂದಗಳ ಹಕ್ಕಿಗೆ ಆ ಆರೋಪಗಳು ಧಕ್ಕೆ ತರುತ್ತವೆ ಎಂಬುದು ಅದರ ನಿಲುವು. ಕಳ್ಳಸಾಗಣೆ ತಡೆಯುವ ನೀತಿಯನ್ನು ಈ ಜನರೊಂದಿಗೆ ಕುಳಿತು ಮಾತಾಡದೆ ರೂಪಿಸಲಾಗದು ಎಂಬುದನ್ನು ಆ ತೀರ್ಪು ಸರ್ಕಾರದ ಮುಂದಿಟ್ಟಿದೆ.

ಅಂತರರಾಷ್ಟ್ರೀಯ ಮಟ್ಟದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ ಅಡಿಯಲ್ಲಿ, ಅಕ್ರಮ ತಂಬಾಕು ವ್ಯಾಪಾರವನ್ನು ತೊಡೆಯುವ ಪ್ರೋಟೊಕಾಲ್ 2012ರ ನವೆಂಬರ್ 12ರಂದು ಸಿಯೋಲ್‌ನಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 25ರಂದು ಜಾರಿಗೆ ಬಂತು. ಕೆನಡಾದ ಕಥೆ ತಿಳಿದವರು ಅದರ ಕಲಮುಗಳನ್ನು ಓದಿದರೆ ಒಂದೊಂದೂ ಗುರುತು ಹಿಡಿಯುವಂತಿದೆ. ಏಳನೆಯ ಕಲಮಿನ ಪ್ರಕಾರ, ತಯಾರಕನು ಖರೀದಿದಾರನಿಗೆ ಕಳುಹಿಸುವ ಸರಕು ಆ ಮಾರುಕಟ್ಟೆಯ ನಿಜವಾದ ಬೇಡಿಕೆಗೆ ತಕ್ಕಷ್ಟೇ ಇದೆಯೇ ಎಂಬುದರ ಮೇಲೆ ನಿಗಾ ಇಡಬೇಕು. ಎಂಟನೆಯದರ ಪ್ರಕಾರ ಪ್ರತಿ ಪೊಟ್ಟಣದ ಮೇಲೆ ಅದು ಎಲ್ಲಿ ತಯಾರಾಯಿತು, ಯಾವ ಮಾರುಕಟ್ಟೆಗೆ ಹೊರಟಿತು ಎಂಬುದನ್ನು ಪತ್ತೆಹಚ್ಚಬಲ್ಲ ಗುರುತಿರಬೇಕು, ಮತ್ತು ಸರ್ಕಾರ ತನ್ನ ಮೇಲಿರುವ ಆ ಹೊಣೆಯನ್ನು ತಂಬಾಕು ಉದ್ಯಮಕ್ಕೆ ವಹಿಸಿಕೊಡಕೂಡದು. 1992ರಲ್ಲಿ ಇಂಥ ಒಂದು ನಿಯಮವಿದ್ದಿದ್ದರೆ, ನ್ಯೂಯಾರ್ಕಿನ ಉತ್ತರದ ಹಳ್ಳಿಗಳಲ್ಲಿ ಇಷ್ಟೊಂದು ವರ್ಜೀನಿಯಾ ಸಿಗರೇಟು ಸೇದುವವರು ಯಾರು ಎಂಬ ಪ್ರಶ್ನೆಗೆ ಮೂರು ಕಂಪನಿಗಳೂ ಬರಹದಲ್ಲಿ ಉತ್ತರಿಸಬೇಕಾಗುತ್ತಿತ್ತು.

ಭಾರತ 2018ರ ಜೂನ್ 5ರಂದು ಈ ಪ್ರೋಟೊಕಾಲನ್ನು ಸೇರಿದೆ. ನಮ್ಮ ಬಂದರುಗಳಲ್ಲಿ, ವಿಮಾನ ನಿಲ್ದಾಣಗಳಲ್ಲಿ ವಿದೇಶಿ ಸಿಗರೇಟಿನ ಪೆಟ್ಟಿಗೆಗಳು ಸಿಕ್ಕಿಬಿದ್ದಾಗ ಪತ್ರಿಕೆಗಳಲ್ಲಿ ಬರುವುದು ಸಾಮಾನ್ಯವಾಗಿ ಎಷ್ಟು ಲಕ್ಷ ಸಿಗರೇಟು, ಎಷ್ಟು ಕೋಟಿ ಮೌಲ್ಯ, ತಂದವರು ಎಷ್ಟು ಮಂದಿ ಎಂಬ ವಿವರ. ಆ ಪೆಟ್ಟಿಗೆ ಯಾವ ಕಾರ್ಖಾನೆಯಲ್ಲಿ ತುಂಬಿತು, ಕಾರ್ಖಾನೆಯಿಂದ ಅದನ್ನು ಮೊದಲು ಕೊಂಡವರು ಯಾರು, ಯಾವ ದೇಶದ ಹೆಸರು ಹೇಳಿ ಕೊಂಡರು ಎಂಬ ಮೂರು ಸಂಗತಿಗಳನ್ನು ಸುಂಕದ ಅಧಿಕಾರಿಗಳು ಪ್ರತಿ ವಶದ ನಂತರವೂ ಕೇಳಿ, ಸಿಕ್ಕ ಉತ್ತರವನ್ನು ಪ್ರಕಟಿಸಬೇಕು.